ಒಂದು ಬೆರಳು ಹೆಚ್ಚಿನ ಪೆಟ್ಟಿಗೆ

"ಅಗಲ ಜಾಸ್ತಿ ಬೇಕೋ, ಎತ್ತರ ಜಾಸ್ತಿ ಬೇಕೋ, ಮೊದಲು ಅದನ್ನ ಹೇಳಿ," ಎಂದು ನಾನು ಮೂರನೇ ಸಲ ಕೇಳಿದೆ.

"ಒಂದಕ್ಕೆ ಎತ್ತರ, ಇನ್ನೊಂದಕ್ಕೆ ಆಳ," ಎಂದರು ಅವರು.

"ಎರಡೂ ಒಂದೇ ಅಲ್ಲವಾ? ಕೆಳಗಿಂದ ನೋಡಿದ್ರೆ ಎತ್ತರ, ಮೇಲಿಂದ ನೋಡಿದ್ರೆ ಆಳ."

ಅವರು ನಕ್ಕರು. ತುಟಿ ಕದಲಲಿಲ್ಲ, ಕನ್ನಡಕದ ಹಿಂದೆ ಕಣ್ಣಷ್ಟೇ ಸಣ್ಣಗಾಯಿತು. ನನಗೆ ಅಲ್ಲಿಂದಲೇ ಗೊಂದಲ ಶುರು.

"ಒಳಗೆ ಏನಿಡ್ತೀರಿ? ದೇವರಾ, ಗೊಂಬೆಯಾ?"

"ಜೇಡ."

ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ನಲವತ್ತು ವರ್ಷದಿಂದ ನನ್ನದು ಮರ ಮತ್ತು ಗಾಜಿನ ಕೆಲಸ. ಶೋಕೇಸು, ದೇವರ ಮಂಟಪ, ಫೋಟೋಗೆ ಕಟ್ಟು. ಜೇಡವನ್ನು ಪೊರಕೆಯಲ್ಲಿ ಓಡಿಸುವುದು ಗೊತ್ತಿತ್ತು. ಅದಕ್ಕೆ ಮನೆ ಕಟ್ಟಿಸಲು ಬಂದವರನ್ನು ಆವತ್ತೇ ನೋಡಿದ್ದು.

ಅವರ ಹೆಸರು ಅನುಸೂಯಮ್ಮ. ಹಾರನಹಳ್ಳಿಯವರು. ಕಾಲೇಜಿನ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದವರು, ವಯಸ್ಸಾಯಿತೆಂದು ಸ್ವಲ್ಪ ಮೊದಲೇ ಬಿಟ್ಟಿದ್ದರು. ಸಿದ್ಧಾರ್ಥ ಎಂಬ ಮೇಷ್ಟರು ಅಲ್ಲಿ ಎರಡು ಟಾರಂಟುಲಾ ಸಾಕಿದ್ದರಂತೆ. ಅಂಗೈಯಗಲದ ಜೇಡಗಳು, ಮೈತುಂಬ ರೋಮ. ವರ್ಗವಾಗಿ ಹೋಗುವಾಗ, "ಎರಡು ವಾರ ನೋಡ್ಕೊಳಿ ಅಮ್ಮ," ಎಂದು ಇವರ ಕೈಗಿಟ್ಟು ಹೋದವರು ಎರಡು ವರ್ಷವಾದರೂ ತಿರುಗಿ ನೋಡಿಲ್ಲ.

"ಈಗಿರೋದು ಪ್ಲಾಸ್ಟಿಕ್ ಡಬ್ಬಿ. ಸಾಲಲ್ಲ. ಹೆಣ್ಣು ಜೇಡ ಇಪ್ಪತ್ತು ವರ್ಷ ಬದುಕ್ತಾವೆ ಕಣ್ರೀ," ಎಂದರು.

ಅವರಿಗೆ ಐವತ್ತೇಳು. ನನಗೆ ಅರವತ್ತೆರಡು, ಹೆಂಡತಿ ಹೋಗಿ ಒಂಬತ್ತು ವರ್ಷ. ಇದನ್ನೆಲ್ಲ ಯಾಕೆ ಆಗಲೇ ಲೆಕ್ಕ ಹಾಕಿದೆನೋ ತಿಳಿಯದು. ಅಳತೆಪಟ್ಟಿ ಹುಡುಕುವ ನೆಪದಲ್ಲಿ ಮುಖ ತಿರುಗಿಸಿದೆ. ಅದು ನನ್ನ ಕೈಯಲ್ಲೇ ಇತ್ತು.

ಮೊದಲ ಜೊತೆ ಪೆಟ್ಟಿಗೆ ಪೂರಾ ತಪ್ಪಾಯಿತು. ದಪ್ಪನೆಯ ಕಂದು ಜೇಡಕ್ಕೆ ದೊಡ್ಡ ಮೈ, ದೊಡ್ಡ ಮನೆ ಇರಲಿ ಎಂದು ಎರಡಡಿ ಎತ್ತರದ್ದು ಮಾಡಿದ್ದೆ. ತೆಳ್ಳನೆಯ ಬೂದು ಜೇಡಕ್ಕೆ ಚಪ್ಪಟೆಯಾದದ್ದು, ಮೇಲೆ ಮುಚ್ಚಳ.

ಅನುಸೂಯಮ್ಮ ಎರಡನ್ನೂ ಸುತ್ತಿ ನೋಡಿದರು. ಬೈಯಲಿಲ್ಲ. ಸ್ಟೂಲು ಎಳೆದುಕೊಂಡು ಕೂತರು.

"ದಪ್ಪಗಿರೋದು ಬಿಲ ತೋಡುತ್ತೆ. ಅದಕ್ಕೆ ಮಣ್ಣೇ ಮನೆ. ಮುಕ್ಕಾಲು ಭಾಗ ಮಣ್ಣು, ಮೇಲೆ ನಾಲ್ಕು ಬೆರಳು ಜಾಗ, ಸಾಕು. ಜಾಸ್ತಿ ಎತ್ತರ ಇದ್ರೆ ಗಾಜು ಹತ್ತಿ ಕೆಳಗೆ ಬೀಳುತ್ತೆ. ಹೊಟ್ಟೆ ಒಡೆದು ಸತ್ತೇ ಹೋಗುತ್ತೆ."

"ಅಷ್ಟು ದೊಡ್ಡ ಜೀವ, ಅಷ್ಟು ಮೆತ್ತಗಾ?"

"ದೊಡ್ಡದಾಗಿ ಕಾಣೋದೆಲ್ಲ ಗಟ್ಟಿ ಅಂದ್ಕೊಂಡ್ರಾ?" ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

ನನ್ನನ್ನು ಯಾಕೆ ನೋಡಿದರು?

"ತೆಳ್ಳಗಿರೋದು ಮರದ್ದು. ಅದಕ್ಕೆ ಎತ್ತರ ಬೇಕು. ಒಂದು ತೊಗಟೆ ನಿಲ್ಲಿಸಿದ್ರೆ ಮೇಲ್ಗಡೆ ಬಲೆ ಕಟ್ಟಿಕೊಂಡು ಅದರೊಳಗೆ ಇರುತ್ತೆ. ನೀವು ಮುಚ್ಚಳ ಮೇಲಿಟ್ರೆ ತೆಗೆದಾಗೆಲ್ಲ ಅದರ ಮನೆ ಹರಿಯುತ್ತೆ. ಬಾಗಿಲು ಮುಂದೆ ಇರಲಿ. ಗಾಳಿ ಒಂದು ಪಕ್ಕದಿಂದ ಬಂದು ಇನ್ನೊಂದು ಪಕ್ಕ ಹೋಗಬೇಕು."

"ಮಣ್ಣು ಎಲ್ಲಿಂದ ತರ್ತೀರಿ?"

"ತೆಂಗಿನ ನಾರಿನ ಪುಡಿ ಆಗುತ್ತೆ. ನಮ್ಮೂರಲ್ಲಿ ಅದಕ್ಕೇನು ಬರವಾ?"

ನನಗೊಂದು ಉಪಾಯ ಹೊಳೆಯಿತು. "ಒಂದೇ ಪೆಟ್ಟಿಗೆ ಮಾಡಿ ನಡುವೆ ಅಡ್ಡಗಾಜು ಹಾಕಲಾ? ಒಂದಕ್ಕೊಂದು ಜೊತೆ ಇರ್ತಾವೆ."

"ಬೇಡ. ಅವಕ್ಕೆ ಜೊತೆ ಬೇಕು ಅಂತ ಅನ್ನಿಸೋದೇ ಇಲ್ಲ."

"ಯಾವತ್ತೂ?"

"ಜೇಡಕ್ಕೆ ಯಾವತ್ತೂ ಇಲ್ಲ," ಎಂದು ಅವರು ಗಾಜಿನ ಮೇಲಿನ ಧೂಳಿನಲ್ಲಿ ಬೆರಳಾಡಿಸಿದರು. ಜೇಡಕ್ಕೆ ಎಂದು ಒತ್ತಿ ಹೇಳಿದರೋ, ಸುಮ್ಮನೆ ಹೇಳಿದರೋ. ಆ ರಾತ್ರಿ ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದೆ.

ಆಮೇಲೆ ಅವರು ಅಳತೆಯ ಚೀಟಿ ಬರೆದುಕೊಟ್ಟು, ಹೊಸ ಪೆಟ್ಟಿಗೆ ನೋಡಲು ವಾರಕ್ಕೆರಡು ಸಲ ಬರತೊಡಗಿದರು. ಒಮ್ಮೆ ಗಾಳಿಯ ತೂತು ದೊಡ್ಡದಾಯಿತು ಎನ್ನುವರು. ಇನ್ನೊಮ್ಮೆ ಕೀಲು ಕಿರ್ ಎನ್ನುತ್ತದೆ, ಜೇಡಕ್ಕೆ ಆ ನಡುಕ ಆಗುವುದಿಲ್ಲ ಎನ್ನುವರು. ಹೇಳುವುದನ್ನು ಹೇಳಿ ಮುಗಿಸಿದ ಮೇಲೂ ಕೂತಿರುತ್ತಿದ್ದರು. ನಾನು ಗಾಜು ಒರೆಸುವಾಗ ಅದರಲ್ಲಿ ಅವರ ಮುಖ ಕಾಣುತ್ತಿತ್ತು. ಅವರು ನನ್ನನ್ನು ನೋಡುತ್ತಿದ್ದಂತೆ ಇರುತ್ತಿತ್ತು. ತಿರುಗಿದರೆ ರಸ್ತೆ ನೋಡುತ್ತಿದ್ದರು.

ಒಂದು ಸಲ ತಾವಾಗಿಯೇ ಹೇಳಿದರು. "ನಾನಿರೋದು ತಮ್ಮನ ಮನೇಲಿ. ತಿಮ್ಮೇಶ ಒಂದು ಮಾತು ಹೇಳಿಬಿಟ್ಟಿದಾನೆ. ಒಂದೇ ಒಂದು ಸಲ ಜೇಡ ಹೊರಗೆ ಬಂದ್ರೂ ಎರಡನ್ನೂ ಮನೆಯಿಂದ ಕಳಿಸಬೇಕು. ಅದಕ್ಕೇ ಇಷ್ಟು ಪೀಡಿಸ್ತೀನಿ, ತಪ್ಪು ತಿಳೀಬೇಡಿ."

ಓಹೋ, ಅದಕ್ಕೇ ಬರುವುದು ಎಂದುಕೊಂಡೆ. ಸಮಾಧಾನವಾಗಬೇಕಿತ್ತು, ಆಗಲಿಲ್ಲ.

ಮೇ ತಿಂಗಳ ಮೊದಲಲ್ಲಿ ಎರಡೂ ಪೆಟ್ಟಿಗೆ ಮುಗಿದವು. ಹಾರನಹಳ್ಳಿಯ ಟೆಂಪೋಗೆ ನಾನೇ ಏರಿಸಿದೆ. "ಇನ್ನು ಬರೋ ಕೆಲಸ ಇಲ್ಲ," ಎಂದರು ಅನುಸೂಯಮ್ಮ. "ಹೌದು, ಇಲ್ಲ," ಎಂದೆ. ಟೆಂಪೋ ಹೋದ ಮೇಲೆ, ಬೇರೆ ಏನಾದರೂ ಹೇಳಬೇಕಿತ್ತೇ ಎಂದು ಅಲ್ಲೇ ನಿಂತು ಯೋಚಿಸಿದೆ. ಆಟೋದವನು ಹಾರ್ನ್ ಹೊಡೆದು ಪಕ್ಕಕ್ಕೆ ಸರಿಸಿದ.

ಹದಿನಾರು ದಿನ ಕಳೆದು ಬೆಳಿಗ್ಗೆ ಅವರ ಫೋನು ಬಂತು.

"ಮರದ್ದು ಪೆಟ್ಟಿಗೇಲಿ ಇಲ್ಲ. ತಮ್ಮ ಕೋಲು ಹಿಡ್ಕೊಂಡು ನಿಂತಿದಾನೆ. ನನಗೆ ಕೈಕಾಲೇ ಆಡ್ತಿಲ್ಲ ಕಣ್ರೀ."

ಸಿಕ್ಕ ಬಸ್ಸು ಹತ್ತಿದೆ.

ಹಾರನಹಳ್ಳಿಯ ಆ ಮನೆಯ ಅಂಗಳದಲ್ಲಿ ಗ್ಯಾಸ್ ಒಲೆ ಹೊರಗೆ ಬಂದು ಕೂತಿತ್ತು. ತಿಮ್ಮೇಶನ ಹೆಂಡತಿ ರಾಣಿ ಅಲ್ಲೇ ಮುದ್ದೆ ತೊಳಸುತ್ತಿದ್ದರು.

"ನೀವೇನಾ ಜೇಡಕ್ಕೆ ಬಂಗಲೆ ಕಟ್ಟಿಕೊಟ್ಟೋರು?" ಎಂದರು. "ಅದಕ್ಕೆ ಮೇವು ಅಂತ ನಮ್ಮ ಅತ್ತಿಗೆ ಡಬ್ಬೀಲಿ ಜಿರಲೆ ಬೇರೆ ಸಾಕವ್ರೆ. ಲೋಕದಲ್ಲಿ ಎಲ್ರೂ ಜಿರಲೆ ಓಡಿಸಿದ್ರೆ ನಮ್ಮನೇಲಿ ಅವಕ್ಕೆ ಕ್ಯಾರೆಟ್ಟು!"

ಒಳಗೆ ಅನುಸೂಯಮ್ಮ ನೆಲದ ಮೇಲೆ ಮಂಡಿಯೂರಿ ಟ್ರಂಕಿನ ಕೆಳಗೆ, ಅಕ್ಕಿ ಚೀಲದ ಹಿಂದೆ ಟಾರ್ಚು ಬಿಡುತ್ತಿದ್ದರು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ನನಗೆ ಅಷ್ಟು ಕಲಿಸಿದವರು ಗಾಬರಿಯಲ್ಲಿ ತಾವೇ ಮರೆತಿದ್ದರು.

"ಅಮ್ಮ, ಅದು ಮರದ್ದು," ಎಂದೆ. "ಮೇಲೆ ನೋಡೋಣ."

ಅವರು ತಲೆಯೆತ್ತಿದರು. ಆ ಮುಖ ನೋಡಲಾಗಲಿಲ್ಲ, ನಾನು ಗೋಡೆ ನೋಡಿದೆ. ಬಾಗಿಲಿನ ಮೇಲೆ ಅವರ ಅಪ್ಪ ಅಮ್ಮನ ದೊಡ್ಡ ಫೋಟೋ ಮುಂದಕ್ಕೆ ಬಾಗಿ ತೂಗುತ್ತಿತ್ತು. ಹಾಗೆ ಬಾಗಿಸಿ ತೂಗಿದರೆ ಹಿಂದೆ ಕತ್ತಲೆಯ ಒಂದು ಸಂದು ಬೀಳುತ್ತದೆ. ನಮ್ಮ ಕಸುಬಿನವರಿಗೆ ಅದು ಗೊತ್ತು. ಮರದಿಂದ ಎದ್ದ ತೊಗಟೆಯ ಸಂದಿನ ಹಾಗೆಯೇ.

ಟಾರ್ಚು ಬಿಟ್ಟೆವು. ಬೂದು ಕಾಲು ಎರಡು ಕಂಡವು.

ಅನುಸೂಯಮ್ಮ ಸ್ಟೂಲು ಹತ್ತಿದರು. ಒಂದು ಕೈಯಲ್ಲಿ ಪ್ಲಾಸ್ಟಿಕ್ ಡಬ್ಬಿ, ಇನ್ನೊಂದರಲ್ಲಿ ರಟ್ಟು. ನಾನು ಒಂದು ಕೈಯಲ್ಲಿ ಸ್ಟೂಲು ಹಿಡಿದು, ಇನ್ನೊಂದನ್ನು ಚಾಚಿ ಫೋಟೋವನ್ನು ಗೋಡೆಯಿಂದ ಮೆಲ್ಲಗೆ ಎತ್ತಿದೆ. ಅವರ ಮೊಣಕೈ ನನ್ನ ಭುಜಕ್ಕೆ ಊರಿತ್ತು.

"ಅಲ್ಲಾಡಬೇಡಿ," ಎಂದು ಪಿಸುಗುಟ್ಟಿದರು.

"ನಾನಲ್ಲ, ನೀವು ಅಲ್ಲಾಡ್ತಿರೋದು."

"ಇಬ್ಬರೂ ಅಲ್ಲಾಡೋದು ಬೇಡ."

ಡಬ್ಬಿ ಮುಚ್ಚಿತು, ರಟ್ಟು ಜಾರಿತು, ಜೇಡ ಒಳಗೆ. ಅವರು ಕೆಳಗಿಳಿದು ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಕೂತುಬಿಟ್ಟರು. ಮೊಣಕೈ ಹೋದ ಮೇಲೂ ನನ್ನ ಭುಜ ಬೆಚ್ಚಗೇ ಇತ್ತು.

"ಬಾಗಿಲು ಸರಿಯಾಗಿ ಹಾಕ್ದೆ ಬಿಟ್ಟಿದ್ದೀಯ ಅಕ್ಕ," ಎಂದ ತಿಮ್ಮೇಶ. "ಮಾತು ಅಂದ್ರೆ ಮಾತು. ನಾಳೆ ಇವು ಇಲ್ಲಿರಂಗಿಲ್ಲ."

"ಹಾಕಿದ್ದೆ ಅನ್ಸುತ್ತೆ ಕಣೋ. ಮರೆತೆನೋ ಏನೋ," ಎಂದರು ಅವರು ಸಣ್ಣ ದನಿಯಲ್ಲಿ.

ನಾನು ಪೆಟ್ಟಿಗೆ ನೋಡಿದೆ. ಬಾಗಿಲು ಹಾಕಿಯೇ ಇತ್ತು. ಬಾಗಿಲಿನ ಮೇಲ್ತುದಿಯಲ್ಲಿ ನಾನು ಅಂಟಿಸಿದ್ದ ಜಾಲರಿಯ ಮೂಲೆ ಎದ್ದಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದರೆ ಈ ಹೆಂಗಸು ನನ್ನ ಅಂಗಡಿಯ ಮೆಟ್ಟಿಲು ಇನ್ನು ಹತ್ತುವುದಿಲ್ಲ.

"ತಪ್ಪು ಅವರದಲ್ಲ, ನಂದು," ಎಂದೆ. "ಅವರು ಕೊಟ್ಟ ಅಳತೆಗಿಂತ ಒಂದು ಬೆರಳು ಎತ್ತರ ಜಾಸ್ತಿ ಮಾಡ್ದೆ. ಬಾಗಿಲಿನ ಗಾಜು ಅಷ್ಟೊತ್ತಿಗೆ ಕುಯ್ದಾಗಿತ್ತು. ಮೇಲೆ ಬಿದ್ದ ಸಂದಿಗೆ ಜಾಲರಿ ಅಂಟಿಸ್ದೆ. ಗಾಳಿಗೂ ಆಯ್ತು ಅಂದ್ಕೊಂಡೆ. ಅಂಟು ಬಿಟ್ಟೈತೆ."

ಅನುಸೂಯಮ್ಮ ಎದ್ದು ಬಂದು ಸಂದಿಗೆ ಬೆರಳಿಟ್ಟು ನೋಡಿದರು. "ಚೀಟಿ ಬರೆದು ಕೊಟ್ಟಿದ್ದೆ. ಯಾಕ್ರೀ ಜಾಸ್ತಿ ಮಾಡಿದ್ರಿ?"

"ಆಯ ಕೂಡಿ ಬರಲಿಲ್ಲ. ಅಳತೆ ಲೆಕ್ಕ ಹಾಕಿದ್ರೆ ಶುಭ ಬರಲಿಲ್ಲ."

"ಆಯ ನೋಡೋದು ಮನೆಗೆ ಅಲ್ಲವಾ?" ಎಂದ ತಿಮ್ಮೇಶ. "ಜೇಡದ ಪೆಟ್ಟಿಗೆಗೆ ಆಯ ನೋಡಿದ್ರಾ ಯಜಮಾನ್ರೇ?"

"ಬಾಗಿಲು ಇರೋದೆಲ್ಲ ಮನೇನೇ ಅಂತ ನಮಗೆ ಕಲಿಸಿದೋರು ಹೇಳಿದ್ರು. ಇವರ ಅಳತೆಗೆ ಕೆಟ್ಟ ಆಯ ಬಂತು. ಒಂದು ಬೆರಳು ಏರಿಸಿದ್ರೆ ಒಳ್ಳೇದು ಬಂತು." ಅನುಸೂಯಮ್ಮನವರ ಕಡೆ ತಿರುಗಿದೆ. "ಆಯ ನೋಡೋದು ಮನೆಯೋರ ಹೆಸರಿಗೆ. ಜೇಡಕ್ಕೆ ಹೆಸರಿಲ್ಲ. ನಿಮ್ಮ ಹೆಸರಿಗೆ ನೋಡ್ದೆ."

ಅಂಗಳದಲ್ಲಿ ಮುದ್ದೆ ಕೋಲಿನ ಸದ್ದು ನಿಂತಿತು.

"ನಿಮಗೆ ಕೆಡುಕಾಗಬಾರದು ಅಂತ ಅಷ್ಟೇ," ಎಂದೆ. ಅಷ್ಟೇ ಅಲ್ಲ ಎಂದು ನನ್ನ ದನಿಯೇ ಹೇಳಿತು.

ಅನುಸೂಯಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ತುಂಬ ಹೊತ್ತು ಒರೆಸಿದರು.

"ಆ ಕೀಲು ಯಾವತ್ತೂ ಕಿರ್ ಅಂದಿರಲಿಲ್ಲ," ಎಂದರು.

ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ವಾರಕ್ಕೆರಡು ಸಲ ಬಂದದ್ದು ಕೀಲಿಗಾಗಿ ಅಲ್ಲ.

"ಅಂಗಡಿ ಹಿಂದೆ ಎರಡು ಕೋಣೆ ಐತೆ," ಎಂದೆ. "ಜೇಡಕ್ಕೆ ಒಂದು ಬಿಟ್ಟುಕೊಡ್ತೀನಿ."

"ಜೇಡಕ್ಕೆ ಮಾತ್ರವಾ? ಪೂರ್ತಿ ಕೇಳಿ."

"ನೀವೂ ಬರ್ತೀರಾ? ಲಗ್ನ ಮಾಡ್ಕೊಂಡು?"

"ಅಕ್ಕ!" ಎಂದ ತಿಮ್ಮೇಶ. "ಈ ವಯಸ್ಸಲ್ಲಿ? ಊರೋರು ಏನಂತಾರೆ?"

"ಎರಡು ವರ್ಷದಿಂದ ಊರೋರು ಜೇಡದ ವಿಷಯ ಮಾತಾಡಿ ಸಾಕಾಗಿದಾರೆ ಕಣೋ. ಅವರಿಗೂ ಬೇರೆ ಏನಾದ್ರೂ ಬೇಕಲ್ಲ." ಆಮೇಲೆ ನನ್ನ ಕಡೆ ನೋಡಿದರು. "ಇವತ್ತು ಇವನ್ನ ನಿಮ್ಮ ಅಂಗಡಿಗೆ ಸೇರಿಸಿ ನಾನು ವಾಪಸ್ ಬರ್ತೀನಿ. ಲಗ್ನದ ಮಾತು ಆಡೋಕೆ ನೀವು ನಾಲ್ಕು ಜನ ದೊಡ್ಡೋರ ಜೊತೆ ಈ ಮನೆಗೇ ಬರಬೇಕು. ನನ್ನ ತಮ್ಮನನ್ನ ಕೇಳಬೇಕು."

"ಅವನು ಒಪ್ಪದಿದ್ರೆ?"

"ಕೇಳೋದು ಮರ್ಯಾದೆಗೆ. ಒಪ್ಪೋದು ನಾನು."

ತಿಮ್ಮೇಶ ಕೋಲನ್ನು ಮೂಲೆಗೆ ಇಟ್ಟ. ಹೊರಗಿಂದ ರಾಣಿ, "ಬಸ್ಸಿಗೆ ಇನ್ನೂ ಟೈಮೈತೆ, ಊಟ ಮಾಡ್ಕೊಂಡೇ ಹೋಗಿ. ಅದನ್ನ ಮಾತ್ರ ಮೊದಲು ಹೊರಗಿಡಿ," ಎಂದು ಕೂಗಿದರು.

ಮೂರು ಗಂಟೆಯ ಬಸ್ಸು ತುಂಬಿತ್ತು. ಅನುಸೂಯಮ್ಮನವರಿಗೆ ಎರಡಾಳಿನ ಸೀಟು ಸಿಕ್ಕಿತು, ಪಕ್ಕಕ್ಕೆ, ಜಾಲರಿಗೆ ಟೇಪು ಸುತ್ತಿದ ಎತ್ತರದ ಪೆಟ್ಟಿಗೆ ಇಟ್ಟುಕೊಂಡರು. ನಾನು ಮಣ್ಣಿನ ಪೆಟ್ಟಿಗೆ ತಬ್ಬಿಕೊಂಡು ಹಿಂದೆ ನಿಂತೆ. ಅದು ಕಲ್ಲಿನಷ್ಟು ಭಾರ. ಹತ್ತಿರ ಹೋಗಬೇಕೋ, ಜನ ನೋಡುತ್ತಾರೆಂದು ಇಲ್ಲೇ ಇರಬೇಕೋ, ಅವರಿಗೆ ಯಾವುದು ಸರಿ, ಒಂದೂ ತಿಳಿಯಲಿಲ್ಲ.

ಅವರು ಹಿಂತಿರುಗಿ ನೋಡಿದರು. ಪಕ್ಕದ ಪೆಟ್ಟಿಗೆಯನ್ನು ಮೆಲ್ಲಗೆ ಎತ್ತಿ ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆ ಸರಿದರು.

"ಬನ್ನಿ," ಎಂದರು, ಇಡೀ ಬಸ್ಸಿಗೆ ಕೇಳುವ ಹಾಗೆ. "ಎಷ್ಟೊತ್ತು ನಿಂತಿರ್ತೀರಿ?"