ನಾಲ್ಕು ಜಾಯ್‌ಸ್ಟಿಕ್

ಮೊದಲ ಸಲ ಝಿಯಾದ್ ನನ್ನನ್ನು ನೋಡಲು ಬಂದಾಗ ಚಹಾ ಕೊಟ್ಟು ಒಳಗೆ ಓಡಿದ್ದೆ. ಅವನ ಕಾಲ್ಬೆರಳು ಬಿಟ್ಟರೆ ಬೇರೇನೂ ಕಂಡಿರಲಿಲ್ಲ. ವಾರದ ನಂತರ ಬಿ.ಸಿ.ರೋಡಿನ ನಮ್ಮ ಮನೆಗೆ ಮತ್ತೆ ಬಂದ, ಕೈಯಲ್ಲೊಂದು ಮಲ್ಟಿಟ್ಯಾಪ್ ಹಿಡಿದುಕೊಂಡು. 2001ರ ಮೇ ತಿಂಗಳು.

ನಮ್ಮ ಪ್ಲೇಸ್ಟೇಷನ್‌ಗೆ ಎರಡೇ ಜಾಯ್‌ಸ್ಟಿಕ್ ಹಾಕಬಹುದಿತ್ತು. ಈ ಪುಟ್ಟ ಪೆಟ್ಟಿಗೆ ಸಿಕ್ಕಿಸಿದರೆ ನಾಲ್ಕು. ಇನ್ನೆರಡು ಜಾಯ್‌ಸ್ಟಿಕ್ಕನ್ನೂ ಅವನೇ ತಂದಿದ್ದ.

"ಮಕ್ಕಳಿಗೆ ತಂದದ್ದು" ಎಂದ. ಶುದ್ಧ ಸುಳ್ಳು. ನಾವಿಬ್ಬರೇ ಕೂತು ಮಾತಾಡುವಂತಿರಲಿಲ್ಲ. ನಾಲ್ವರು ಆಡಿದರೆ ಬೇಡ ಅನ್ನುವವರು ಯಾರು?

ಗುರುವಾರ ಅವನಿಗೆ ದುಬೈ ವಿಮಾನ. ಅಷ್ಟರೊಳಗೆ ಸಂಬಂಧ ನಿಶ್ಚಯವಾಗಬೇಕಿತ್ತು. ಎರಡೂ ಮನೆಯವರು ಒಪ್ಪಿದ್ದರು. ನನ್ನನ್ನು ಮಾತ್ರ ಯಾರೂ ಕೇಳಿರಲಿಲ್ಲ, ಆ ಸಿಟ್ಟಿನಲ್ಲಿ ಕುದಿಯುತ್ತಿದ್ದೆ.

ತಮ್ಮ ನೌಫಲ್, ತಂಗಿ ಆಫ್ರಾ, ಅವನು, ನಾನು ಚಾಪೆಯಲ್ಲಿ ಕುಳಿತೆವು. ನಮ್ಮಿಬ್ಬರ ನಡುವೆ ಅಜ್ಜಿ ಬೀಯಮ್ಮ ಕೋಟೆಗೋಡೆಯಂತೆ ಕೂತರು. ಕಾರ್ ರೇಸ್ ಶುರುವಾಯಿತು. ನನ್ನ ಕಾರು ಹತ್ತಿರ ಬಂದಾಗಲೆಲ್ಲ ಅವನ ಕಾರು ನಿಲ್ಲುತ್ತಿತ್ತು.

"ಏನಾಯ್ತು ನಿಮ್ಮ ಕಾರಿಗೆ?"

"ಪೆಟ್ರೋಲ್ ಮುಗಿದಿದೆ."

"ದುಬೈಯಲ್ಲಿದ್ದೂ ಪೆಟ್ರೋಲ್ ಇಲ್ವಾ ಮಾರಾಯ?" ಅಜ್ಜಿ ಕೇಳಿದರು.

ಅಜ್ಜಿಯ ಬೆನ್ನ ಹಿಂದಿನಿಂದ ಅವನು ನನ್ನತ್ತ ನೋಡಿ ನಕ್ಕ. ನಕ್ಕವನದ್ದೇ ಕಿವಿ ಕೆಂಪಾಯಿತು. ಚೆಂದ ಕಂಡ, ಸುಳ್ಳು ಯಾಕೆ ಹೇಳಲಿ. ಆದರೂ ಬಿಡಲಿಲ್ಲ.

"ಬೇಕೂಂತ ಸೋಲ್ತೀರಲ್ಲ?"

"ನೀವು ಗೆದ್ರೆ ನಗ್ತೀರಿ, ಅದಕ್ಕೆ."

"ಈಗಲೇ ಹೀಗೆ ನಾಟಕ ಮಾಡಿದ್ರೆ ನಾಳೆ ನಿಮ್ಮ ಯಾವ ಮಾತನ್ನು ನಂಬುವುದು?"

ಅವನ ಮುಖ ಸಪ್ಪೆಯಾಯಿತು. ಮುಂದಿನ ರೇಸಿನಲ್ಲಿ ಮುಲಾಜಿಲ್ಲದೆ ಓಡಿಸಿದ. ಕೊನೆಯ ತಿರುವಿನಲ್ಲಿ ನನ್ನನ್ನು ಹಿಂದಿಕ್ಕಿ ಗೆದ್ದೇಬಿಟ್ಟ. ಸೋತು ಅಷ್ಟು ಖುಷಿಪಟ್ಟದ್ದು ನಾನು ಅದೇ ಮೊದಲು.

ಅವನು ಜಾಯ್‌ಸ್ಟಿಕ್ ಕೆಳಗಿಟ್ಟ.

"ನಿಜ ಹೇಳ್ತೇನೆ ಫಾಹಿಮಾ. ಇದನ್ನು ತಂದದ್ದು ಮಕ್ಕಳಿಗಲ್ಲ. ನಿಮ್ಮ ಬಾಯಿಯಿಂದಲೇ ಕೇಳುವ ಅಂತ. ನನಗೆ ನೀವು ತುಂಬಾ ಇಷ್ಟ. ನಿಮಗೆ ಇಷ್ಟ ಉಂಟಾ? ಇಲ್ಲದಿದ್ರೆ ಬೇಡ ಅಂತ ನಾನೇ ಹೇಳ್ತೇನೆ. ನಿಮ್ಮ ಮೇಲೆ ಮಾತು ಬರ್ಲಿಕ್ಕಿಲ್ಲ."

ನೌಫಲ್ ಬಾಯಿ ತೆರೆದು ಕೂತ. ಅಜ್ಜಿ ನಡುವಿನಿಂದ ಎದ್ದು, ಆಫ್ರಾಳ ಕೈಯಿಂದ ಜಾಯ್‌ಸ್ಟಿಕ್ ಕಿತ್ತುಕೊಂಡು ಟಿವಿಗೆ ಮುಖ ಮಾಡಿ ಕೂತರು.

"ಕೇಳಿದ್ದಕ್ಕೆ ಉತ್ತರ ಕೊಡು ಮಗಳೇ. ನನಗೆ ಆಟ ಉಂಟು."

"ಇಷ್ಟ ಉಂಟು" ಎಂದೆ.

ಮೆಲ್ಲಗೆ ಹೇಳಿದ್ದರೂ ಅವನಿಗೆ ಸಾಕಾಗುತ್ತಿತ್ತು. ಆದರೆ ಜಗಲಿಯಲ್ಲಿ ಕೂತಿದ್ದ ತಂದೆಗೂ ಕೇಳಲಿ ಎಂದು ನಾನು ಜೋರಾಗಿಯೇ ಹೇಳಿದೆ.