ಮೂರು ಸಲ ಬಾಗಿದವನು

"ಕ್ಷಮಿಸಿ... ನೀವು ಯಾರು ಅಂತ ಗೊತ್ತಾಗಲಿಲ್ಲ."

ಕರಣ್ ಅಷ್ಟು ಹೇಳಿ, ಹೆಗಲ ಮೇಲಿನ ಒದ್ದೆ ಟವೆಲನ್ನು ಸರಿಮಾಡಿಕೊಂಡು, ಉತ್ತರಕ್ಕಾಗಿ ಸೌಜನ್ಯದಿಂದ ಕಾದು ನಿಂತ.

ನೋಯ್ಡಾದ ಒಳಾಂಗಣ ಕ್ರೀಡಾಂಗಣದ ಬಾಗಿಲಲ್ಲಿ ಬೃಂದಾ ಊಟದ ಡಬ್ಬಿ ಹಿಡಿದು ನಿಂತಿದ್ದಳು. ಅಜ್ಜಿ ಚೋಂದಮ್ಮ ಮಾಡಿಕೊಟ್ಟ ಅಕ್ಕಿತರಿಯ ಉಂಡೆ ಕಡಂಬುಟ್ಟು, ಕೋಳಿ ಸಾರು. ಬಿಸಿ ಇನ್ನೂ ಆರಿರಲಿಲ್ಲ.

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡಳು. ಹೋದ ಚಳಿಗಾಲದಲ್ಲಿ ಹಿರಿಯರು ದೀಪದ ಮುಂದೆ ನಿಂತು, ಅವಳನ್ನು ಇವನಿಗೇ ಕೊಡುವುದೆಂದು ಮಾತು ಮುಗಿಸಿದ್ದರಲ್ಲ!

"ಬೃಂದಾ," ಎಂದಳು ನಗುತ್ತ. "ಜನಕಪುರಿ ಪೊನ್ನಣ್ಣನವರ ಮಗಳು."

"ಅಚ್ಛಾ..." ಅವನು ನೆನಪಿಸಿಕೊಳ್ಳಲು ಯತ್ನಿಸಿ ಸೋತ. "ಸೆಲ್ಫಿ ಬೇಕಿತ್ತಾ?"

ಬೃಂದಾಳ ನಗು ಹಾಗೇ ನಿಂತಿತು. ಅವನ ಕಣ್ಣಲ್ಲಿ ನಾಟಕವಿರಲಿಲ್ಲ. ಮೆಟ್ರೋದಲ್ಲಿ ಎದುರು ಕೂತ ಅಪರಿಚಿತಳನ್ನು ನೋಡುವಂತೆ ನೋಡುತ್ತಿದ್ದ.

ಬೇಡ ಎಂದು ತಲೆಯಾಡಿಸಿ, ಡಬ್ಬಿಯನ್ನು ಎದೆಗೊತ್ತಿಕೊಂಡು ಹೊರಟುಬಂದಳು.

*

ಕೊಡವರಲ್ಲಿ ಮದುವೆ ನಿಶ್ಚಯಕ್ಕೆ ಹುಡುಗ ಎದುರಿಗಿರಲೇಬೇಕೆಂದಿಲ್ಲ. ಎರಡೂ ಮನೆಯ ಹಿರಿಯರು ದೀಪದ ಮುಂದೆ ಕೈಗೆ ಕೈ ಕೊಟ್ಟರೆ ಮುಗಿಯಿತು. ಅವತ್ತು ಕರಣ್‌ನ ಪರವಾಗಿ ಕೈ ಕೊಟ್ಟವರು ಅವನ ತಂದೆ, ಸೈನ್ಯದಿಂದ ನಿವೃತ್ತರಾದ ಮೇದಪ್ಪ.

ಮಗ ಬ್ಯಾಸ್ಕೆಟ್‌ಬಾಲ್ ಆಡುತ್ತ ಥಾಯ್ಲೆಂಡ್, ಫಿಲಿಪ್ಪೀನ್ಸ್ ಮುಗಿಸಿ ಆಗ ಲೆಬನಾನ್‌ನಲ್ಲಿದ್ದ. ಆಮೇಲೆ ಜಾರ್ಜಿಯಾ. ವಿದೇಶಿ ಆಟಗಾರನೆಂದರೆ ಕ್ಲಬ್ಬಿನ ಬಾಡಿಗೆದಾರ. ಚೆನ್ನಾಗಿ ಆಡಿದರೆ ಇನ್ನೊಂದು ಸೀಸನ್, ಮೊಣಕಾಲು ಕೈಕೊಟ್ಟರೆ ಮರುದಿನವೇ ವಿಮಾನ. ಇದನ್ನೆಲ್ಲ ಬೃಂದಾಳಿಗೆ ಬಿಡಿಸಿ ಹೇಳಿದವರು ಮೇದಪ್ಪನವರೇ.

ಒಂದು ಫೋನ್ ಕೂಡ ಯಾಕೆ ಮಾಡುವುದಿಲ್ಲ ಎಂದು ಅವಳು ಮೊದಮೊದಲು ಕೇಳಿದ್ದಳು. ಸೀಸನ್ ಮುಗಿಯುವವರೆಗೆ ಆಟ ಬಿಟ್ಟು ಬೇರೆ ಮಾತಿಲ್ಲ, ಅದು ಅವನ ವ್ರತ ಎಂದಿದ್ದರು ಅವರು.

ವ್ರತ! ಪ್ರತಿ ಶನಿವಾರ ದೆಹಲಿಯ ಲೋಧಿ ಕಾಲೋನಿಯಲ್ಲಿ ಗಮಕಿ ವೆಂಕಟಸುಬ್ಬಯ್ಯನವರ ಕಾವ್ಯವಾಚನ ಕೇಳುತ್ತ ಬೆಳೆದ ಹುಡುಗಿಗೆ ಇನ್ನೇನು ಬೇಕು? ಕಾವ್ಯದಲ್ಲಿ ವ್ರತ ಹಿಡಿದವರನ್ನು ಯಾರೂ ಪ್ರಶ್ನಿಸುವುದಿಲ್ಲ. ಅವಳೂ ಪ್ರಶ್ನಿಸಲಿಲ್ಲ. ಕಾದಳು.

ಭಾನುವಾರ ಮೇದಪ್ಪನವರು ಜನಕಪುರಿಗೆ ಬರುತ್ತಿದ್ದರು. ಇಬ್ಬರೂ ಮೊಬೈಲಿನಲ್ಲಿ ಅವನ ಆಟ ನೋಡುತ್ತಿದ್ದರು. ಎದುರಾಳಿ ತಪ್ಪು ಮಾಡಿದಾಗ ಸಿಗುವ ಫ್ರೀ ಥ್ರೋ ಹೊತ್ತಿಗೆ ಇಡೀ ಅಂಕಣ ತಣ್ಣಗಾಗುತ್ತಿತ್ತು. ಕರಣ್ ಒಬ್ಬನೇ ಗೆರೆಯ ಬಳಿ ನಿಲ್ಲುತ್ತಿದ್ದ. ಚೆಂಡು ಎಸೆಯುವ ಮೊದಲು ಬಾಗಿ ನೆಲ ಮುಟ್ಟಿ, ಕೈಯನ್ನು ಹಣೆಗೊತ್ತಿಕೊಳ್ಳುತ್ತಿದ್ದ. ಹಾಗೆ ಮೂರು ಸಲ.

"ನೋಡು ಮಗಳೇ, ಅದು ನಿನಗೆ," ಎನ್ನುತ್ತಿದ್ದರು ಮೇದಪ್ಪ. "ಮಾತಾಡೋ ಹಾಗಿಲ್ಲವಲ್ಲ, ಹೀಗೆ ಹೇಳ್ತಾನೆ."

ಬೃಂದಾ ನಂಬಿದ್ದಳು. ಆ ಬಾಗುವಿಕೆಗಾಗಿಯೇ ಇಡೀ ವಾರ ಬದುಕಿದ್ದಳು.

*

ಡಬ್ಬಿ ತೆರೆಯದೆ ವಾಪಸ್ ಬಂದದ್ದನ್ನು ಕಂಡು ಚೋಂದಮ್ಮ ಮೇದಪ್ಪನವರಿಗೆ ಫೋನ್ ಮಾಡಿ ಬರಹೇಳಿದರು.

ಅವರು ಬಂದರು, ಆದರೆ ಕೂರಲಿಲ್ಲ. ಎಲ್ಲವನ್ನೂ ನಿಂತೇ ಹೇಳಿದರು. ಕರಣ್‌ಗೆ ಸೈನ್ಯದ ತಂಡದಲ್ಲಿ ಜಾಗ ಸಿಕ್ಕಿತ್ತು. ಅದನ್ನು ಬಿಟ್ಟು ಥಾಯ್ಲೆಂಡಿಗೆ ಹೊರಟ ದಿನದಿಂದ ಅಪ್ಪ ಮಗನ ನಡುವೆ ಮಾತೇ ಇರಲಿಲ್ಲ. ಮಗ ನನ್ನ ಫೋನ್ ಎತ್ತುವುದಿಲ್ಲ ಎಂದು ಜನರ ಮುಂದೆ ಹೇಗೆ ಹೇಳುವುದು? ದೀಪದ ಮುಂದೆ ಮಾತಾಯಿತು ಎಂದು ಗೊತ್ತಾದರೆ ಅವನು ಬರುತ್ತಾನೆ, ಹುಡುಗಿಯನ್ನು ನೋಡಿದರೆ ಒಪ್ಪುತ್ತಾನೆ ಎಂದುಕೊಂಡಿದ್ದರು. ಆದರೆ ಅವನಿಗೆ ತಿಳಿಸುವ ಧೈರ್ಯವೇ ಬರಲಿಲ್ಲ. ಈಗ ದೆಹಲಿಯ ತಂಡವೊಂದು ಅವನನ್ನು ಕರೆಸಿಕೊಂಡಿತ್ತು. ಅವನು ಬಂದದ್ದು ಅದಕ್ಕೆ, ಮನೆಗಲ್ಲ.

"ಪಟಾಲಮ್‌ನಲ್ಲಿ ಇದನ್ನೇ ಕಲಿಸಿದ್ರಾ ಮೇದಪ್ಪ?" ಎಂದರು ಚೋಂದಮ್ಮ.

ಬೃಂದಾಳಿಗೆ ಕೇಳಬೇಕಾದದ್ದು ಒಂದೇ ಇತ್ತು.

"ಮಾವ... ಆ ಫ್ರೀ ಥ್ರೋ ಮುಂಚೆ ಬಾಗೋದು?"

ಮೇದಪ್ಪ ತಲೆ ತಗ್ಗಿಸಿದರು. "ಅದು ಯಾಕೆ ಮಾಡ್ತಾನೋ ನನಗೂ ಗೊತ್ತಿಲ್ಲ, ಮಗಳೇ. ನಿನ್ನ ಮುಖ ಅರಳುತ್ತಿತ್ತು... ಹೇಳಿಬಿಟ್ಟೆ."

ಉಳಿದ ಸುಳ್ಳುಗಳನ್ನೆಲ್ಲ ಅವಳು ನುಂಗಿಕೊಂಡಾಳು. ಇದೊಂದು ಗಂಟಲಲ್ಲೇ ನಿಂತಿತು. ಅವನ ಮನಸ್ಸು ಅವಳದಾಗಿರಲಿಲ್ಲ, ಸರಿ. ಅವಳ ಮನಸ್ಸಾದರೂ ಅವಳದಾಗಿತ್ತೇ? ಅದನ್ನು ಇನ್ನೊಬ್ಬರು ಭಾನುವಾರಕ್ಕಿಷ್ಟು ಅಂತ ತುಂಬಿಸಿದ್ದರು.

ಬಿಡುಗಡೆ ಬೇಕೆಂದು ಅವಳೇ ಕೇಳಿದಳು; ಬರುವ ಭಾನುವಾರ ಮತ್ತೆ ದೀಪ ಹಚ್ಚಿ ಮಾತನ್ನು ವಾಪಸ್ ಪಡೆಯುವುದೆಂದು ತೀರ್ಮಾನವಾಯಿತು. ಆಮೇಲೆ ಅವಳು ಅವರನ್ನು ಮಾವ ಎನ್ನಲಿಲ್ಲ.

*

ಶನಿವಾರ ಲೋಧಿ ಕಾಲೋನಿಯಲ್ಲಿ ವೆಂಕಟಸುಬ್ಬಯ್ಯನವರು ಅಗಲಿಕೆಯ ಭಾಗ ಓದಿದರು. ಹೊತ್ತಾಗಿದ್ದರೂ ನಿಲ್ಲಿಸಲಿಲ್ಲ. ದುಃಖದ ಪದ್ಯದಲ್ಲಿ ಆ ದಿನದ ಓದು ಮುಗಿಸಬಾರದು. ಒಂದು ಒಳ್ಳೆಯ ಸುದ್ದಿ ಬರುವವರೆಗೆ ಮುಂದುವರಿಸಬೇಕು. ಅದು ಅವರ ಪದ್ಧತಿ.

ನನ್ನ ಕಥೆಯನ್ನು ಯಾರು ಮುಂದುವರಿಸುತ್ತಾರೆ? ಎಂದುಕೊಂಡು ಬೃಂದಾ ಎದ್ದಳು. ಬಾಗಿಲ ಹೊರಗೆ, ಬೇವಿನ ಮರದ ಕೆಳಗೆ ಕರಣ್ ನಿಂತಿದ್ದ.

ಮೇದಪ್ಪ ಅವನಿದ್ದ ಹೋಟೆಲ್‌ಗೇ ಹೋಗಿ ಎಲ್ಲ ಹೇಳಿದ್ದರಂತೆ. ಇಲ್ಲಿ ಸಿಗುತ್ತಾಳೆಂದು ಹೇಳಿದ್ದು ಚೋಂದಮ್ಮ. ಅವನು ಕ್ಷಮೆ ಕೇಳಿದ. ತನಗೂ ಮೋಸವಾಗಿದೆ ಎಂದ. ತನ್ನ ಹೆಸರಲ್ಲಿ ಯಾರೋ ಒಂದು ವರ್ಷ ಬದುಕಿಬಿಟ್ಟಿದ್ದಾರೆ ಎಂದ. ಅಪ್ಪನ ಮುಖ ಇನ್ನು ನೋಡುವುದಿಲ್ಲ ಎಂದ.



"ಒಂದು ಹೇಳಿ," ಎಂದಳು ಕೊನೆಗೆ. "ಫ್ರೀ ಥ್ರೋಗೆ ಮೊದಲು ಬಾಗ್ತೀರಲ್ಲ... ಅದು ಯಾರಿಗೆ?"

ಅವನು ತಲೆಯ ಮೇಲಿನ ಟೋಪಿ ಸರಿಮಾಡಿಕೊಂಡ.

"ಹೊರಟ ದಿನ ಅಪ್ಪನ ಕಾಲು ಮುಟ್ಟೋಕೆ ಹೋದೆ. ಕಾಲು ಹಿಂದಕ್ಕೆ ಎಳ್ಕೊಂಡ್ರು. ಅವರು ಎಲ್ಲಾದ್ರೂ ನೋಡ್ತಿರಬಹುದು ಅಂತ... ಬಸ್, ಅಷ್ಟೇ. ಅಭ್ಯಾಸ ಆಗಿಹೋಯ್ತು."

ಬೃಂದಾಳ ಕಣ್ಣು ತುಂಬಿತು. ಮೂರು ಸಲ ಮುಟ್ಟಿ ಹಣೆಗೊತ್ತಿಕೊಳ್ಳುವುದು! ಹುಟ್ಟಿದಾಗಿನಿಂದ ಅವಳೂ ಹಿರಿಯರಿಗೆ ಹಾಗೇ ನಮಸ್ಕರಿಸುತ್ತ ಬಂದವಳು. ಯಾವ ಕೊಡವ ಹುಡುಗ ಹುಡುಗಿಗೆ ಹಾಗೆ ಮಾಡುತ್ತಾನೆ? ಕಣ್ಣೆದುರೇ ಇತ್ತು. ಅವಳಿಗೆ ಅದು ತನಗೆಂದು ನಂಬಲು ಆಸೆಯಿತ್ತು, ಕಾಣಲಿಲ್ಲ. ಮೇದಪ್ಪನವರಿಗೋ, ಅದು ತಮಗೆಂದು ನಂಬಲು ಧೈರ್ಯವಿರಲಿಲ್ಲ.

"ಅವರು ಒಂದು ಆಟವನ್ನೂ ಬಿಟ್ಟಿಲ್ಲ," ಎಂದಳು. "ನೀವು ಬಾಗಿದಾಗಲೆಲ್ಲ ನನ್ನ ಕಡೆ ತಿರುಗಿ, 'ಅದು ನಿನಗೆ' ಅಂತಿದ್ರು."

ಕರಣ್ ಬೇವಿನ ಮರಕ್ಕೆ ಒರಗಿ, ಮುಖದ ಮೇಲೆ ಟೋಪಿ ಎಳೆದುಕೊಂಡ. ಅವನ ಹೆಗಲು ಅಲುಗುವುದು ಕಾಣುತ್ತಿತ್ತು.

*

ಭಾನುವಾರ ಜನಕಪುರಿಯಲ್ಲಿ ದೀಪ ಹಚ್ಚಿದರು. ಮೇದಪ್ಪ ಮೂಲೆಯಲ್ಲಿ ನಿಂತಿದ್ದರು. ಕರಣ್ ಒಳಗೆ ಬಂದವನೇ, ಎತ್ತರದ ದೇಹವನ್ನು ಮಡಚಿ, ಅಪ್ಪನ ಕಾಲು ಮುಟ್ಟಿದ. ಒಮ್ಮೆ. ಮತ್ತೊಮ್ಮೆ. ಮೂರನೆಯ ಸಲ ಮೇದಪ್ಪನವರ ಕೈ ಅವನ ತಲೆಯ ಮೇಲಿತ್ತು.

ಆಮೇಲೆ ಅವನು ದೀಪದ ಕಡೆ ತಿರುಗಿದ. "ಆ ಮಾತು ನಾನು ಕೊಟ್ಟದ್ದಲ್ಲ. ದಯವಿಟ್ಟು ವಾಪಸ್ ತಗೊಳ್ಳಿ."

ಬೃಂದಾಳ ಅಪ್ಪ ಪೊನ್ನಣ್ಣ ತಮ್ಮ ಮಾತನ್ನು ಹಿಂದಕ್ಕೆ ಪಡೆದರು. ಬೃಂದಾ ಯಾರ ಮುಖವನ್ನೂ ನೋಡದೆ ಎಲ್ಲರಿಗೂ ಕಾಫಿ ಕೊಟ್ಟಳು. ಮೇದಪ್ಪನವರಿಗೂ ಕೊಟ್ಟಳು. ಬಿಡುಗಡೆ ಬೇಕೆಂದವಳು ಅವಳೇ. ಸಿಕ್ಕಾಗ ಎದೆ ಯಾಕೆ ಇಷ್ಟು ಖಾಲಿ?

ಬಾಲ್ಕನಿಯಲ್ಲಿ ಲೋಟ ಇಡಲು ಹೋದಾಗ ಅವನು ಹಿಂದೆಯೇ ಬಂದ.

"ನಾನು ಕರಣ್," ಎಂದ. "ಎಡ ಮೊಣಕಾಲು ಸರಿಯಿಲ್ಲ. ಮುಂದಿನ ವರ್ಷ ಯಾವ ದೇಶ ಅಂತ ಗೊತ್ತಿಲ್ಲ. ಅಡುಗೆಯಲ್ಲಿ ಮೊಟ್ಟೆ ಮಾತ್ರ ಬರುತ್ತೆ."

ಅವಳು ನಗಲಿಲ್ಲ. ಆದರೆ ಹೋಗಲೂ ಇಲ್ಲ.

"ಒಂದು ವರ್ಷ ಯಾರನ್ನೋ ಪ್ರೀತಿಸಿದ್ದೀನಿ," ಎಂದಳು. "ಅವನು ನೀವಲ್ಲ."

"ಗೊತ್ತು. ಅವನು ವ್ರತ ಎಲ್ಲ ಹಿಡಿಯೋನು. ನನ್ನಿಂದ ಆಗಲ್ಲ." ಅವನ ದನಿ ತಗ್ಗಿತು. "ಆದರೆ ನೀವು ಆ ಮರದ ಕೆಳಗೆ ನನ್ನಪ್ಪನನ್ನ ನನಗೆ ವಾಪಸ್ ಕೊಟ್ರಿ. ನಿನ್ನೆಯಿಂದ ನಿಮ್ಮನ್ನೇ ನೆನೆಸ್ಕೊಳ್ತಿದ್ದೀನಿ. ಈ ಸಲ ನಾನೇ ಕೇಳ್ತೀನಿ, ಬೃಂದಾ... ಕಾಯ್ಲಾ?"

ಒಳಗೆ ದೀಪ ಇನ್ನೂ ಉರಿಯುತ್ತಿತ್ತು.

"ಕಾಯಿರಿ," ಎಂದಳು. "ಆದರೆ ದಿನಾ ಫೋನ್ ಮಾಡ್ತಾ ಕಾಯಬೇಕು."