ಸಲಾವುದ್ದೀನ್ ಸಾಬರ ಪಿಕಪ್ಪಿನ ನಾಕು ಪ್ಲಗ್ಗು

"ಮೌಶಿ, ನಮ್ಮ ಭಾಯಿನ್ನ ಚೋರ ಮಾಡ್ಯಾರ. ಸಂಜಿತನಾ ಗ್ಯಾರೇಜ್ ಖಾಲಿ ಮಾಡಬೇಕಂತ."

ಗಜಾಲಾ ಅಷ್ಟಂದು ಕಮಳಾಬಾಯಿ ಹೊಸ್ತಿಲ ಮ್ಯಾಲೇ ಕುಂತುಬಿಟ್ಟಳು. ಕಮಳಾಬಾಯಿ ಪೊಲೀಸ್ ನೌಕರಿ ಮುಗಿಸಿ ಬಸವಕಲ್ಯಾಣಕ್ಕ ಬಂದಾಗಿಂದ ಓಣ್ಯಾಗ ಏನು ಕಳದ್ರೂ ಮಂದಿ ಆಕಿ ಬಾಗಲಕ್ಕೇ ಬರತಿದ್ರು. ಆಕಿ ಬೆನ್ನ ಹಿಂದ ಹೊಂಟು ಎಲ್ಲಾರ ಮ್ಯಾಲೂ ಶಕ್ ಪಡಾಕಿ ಈ ಕಾಲೇಜ್ ಹುಡುಗಿ ಗಜಾಲಾ. ಈ ಸಲ ಫಿರ್ಯಾದಿನೂ ಆಕಿದೇ ಆತು.

ಆಗಿದ್ದಿಷ್ಟು. ಸಲಾವುದ್ದೀನ್ ಸಾಬರ ಪೆಟ್ರೋಲ್ ಪಿಕಪ್ಪು ಓಡಿ ಓಡಿ ಸುಸ್ತಾಗಿ ಜಗ್ಗಿ ಜಗ್ಗಿ ಜಟಕಾ ಹೊಡಿಯಾಕತ್ತಿತ್ತು. ಗಜಾಲಾನ ಅಣ್ಣ ನಸೀರ್ ಅದನ್ನ ರಾತ್ರೆಲ್ಲಾ ಆರಾಕ ಬಿಟ್ಟು, ಮುಂಜಾನೆ ಸೀಟ್ ಎತ್ತಿ, ಕೆಳಗಿನ ಇಂಜಿನ್ನಿಂದ ಸವದ ನಾಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ ಹೊಸಾವು ಹಾಕಿದ್ದ. ಹಳೇವು ಮಾಲಕರಿಗೆ ತೋರಸಂತ ಪೇಪರ್ನ್ಯಾಗ ಸುತ್ತಿ ಡ್ರೈವರ್ ಗೋವರ್ಧನನ ಕೈಯಾಗ ಕೊಟ್ಟಿದ್ದ, ಅದು ಅವನ ರಿವಾಜು. ಗೋವರ್ಧನ ತೊಗರಿ ಹೇರಕೊಂಡು ಹುಮನಾಬಾದ್ ಅಡತಿ ಅಂಗಡಿಗೆ ಹೋದ. ತಿರುಗಿ ಬರಬೇಕಂದ್ರ ಗಾಡಿ ಕೆಮ್ಮಿ ಕೆಮ್ಮಿ ನಿಂತಿತು. ಬಿಚ್ಚಿ ನೋಡಿದ್ರ ಒಳಗ ಹಳೇ ಕರೇ ಪ್ಲಗ್ಗು. ಯಾವ ಪೊಟ್ಟಣಾನೂ ನಂಗ ಕೊಟ್ಟಿಲ್ಲ ಅಂದ ಗೋವರ್ಧನ. ಅಡತ್ಯಾಗೇ ಇದ್ದ ಸಾಬರು ಮಂದಿ ಮುಂದ ಫೋನಿನ್ಯಾಗ ನಸೀರ್ನ ಚೋರ ಅಂದ್ರು, ಗ್ಯಾರೇಜ್ ಇರೋ ನನ್ನ ಜಾಗಾ ಬಿಡು ಅಂದ್ರು, ಈ ಗಾಡಿನೂ ಬಂದಷ್ಟಕ್ಕ ಮಾರತೀನಿ ಅಂದ್ರು.

ಕಮಳಾಬಾಯಿ, ಗಜಾಲಾ, ನಸೀರ್ ಮೂರೂ ಮಂದಿ ಹುಮನಾಬಾದ್ ಬಸ್ ಹತ್ತಿದ್ರು. ದಾರ್ಯಾಗ ಗಜಾಲಾಗ ಒಂದು ಗಳಿಗಿ ಅಣ್ಣನ ಮ್ಯಾಲೂ ಶಕ್ ಬಂತು. ಆಮ್ಯಾಲ ತನ್ನ ಮ್ಯಾಲೇ ಸಿಟ್ಟು ಬಂತು.

ಹುಮನಾಬಾದ್ನ್ಯಾಗ ಕಮಳಾಬಾಯಿ ಮೊದಲ ಹಮಾಲರನ್ನ ಮಾತಾಡಿಸಿದಳು. ತುಂಬಿದ ಗಾಡಿ ಒಂದೂ ಜಟಕಾ ಇಲ್ಲದ ಬಂದಿತ್ತು ಅಂದ್ರು. ಪಿಕಪ್ಪಿನ ಹತ್ತರ ಹಳೇ ಗಾಡಿ ವ್ಯಾಪಾರಿ ಧಮ್ಮಪಾಲ ಕುಂತಿದ್ದ. ಗಾಡಿ ಬಂದಾಗಿಂದ ಅದರ ರೇಟು ಕೇಳಾಕತ್ತಿದ್ದನಂತ. ಅಂಗೈಯಾಗ ತಂಬಾಕ ಸುಣ್ಣ ಹಾಕಿ ಗಸಗಸ ತಿಕ್ಕಿ ಗೋವರ್ಧನನ ಮುಂದ ಹಿಡದ.

"ಒಲ್ಲೆಪಾ, ನಾ ಹುಟ್ಟಿದಾಗಿಂದ ಮುಟ್ಟಿಲ್ಲ," ಅಂದ ಗೋವರ್ಧನ.

ಇಬ್ಬರ ಬೆರಳಿಗೂ ಬೆಳ್ಳಗ ಹತ್ತಿತ್ತು. ಚಾ ಬಂದಾಗ ಗೋವರ್ಧನ ಎಡಗೈಲೆ ಗ್ಲಾಸ್ ಹಿಡದ. ಗಜಾಲಾ ಮೌಶಿಗೆ ಮೊಳಕೈಲೆ ತಿವಿದು ಧಮ್ಮಪಾಲನ ಕಡಿ ಕಣ್ಣು ಮಾಡಿದಳು.

ಕಮಳಾಬಾಯಿ ಸಾಬರನ್ನೂ ಕರದು ಎಲ್ಲಾರನ್ನೂ ಗಾಡಿ ಸುತ್ತ ನಿಂದ್ರಿಸಿದಳು.

"ಹಳೇ ಪ್ಲಗ್ಗಿದ್ರ ತುಂಬಿದ ಗಾಡಿ ಹಂಗ ಬರಂಗಿಲ್ರಿ. ಅಂದ್ರ ನಸೀರ್ ಹೊಸಾವೇ ಹಾಕಿದ್ದ. ಅದ್ಲಾಬದ್ಲಿ ಆಗಿದ್ದು ಇಲ್ಲೇ. ಆಗ ಇಂಜಿನ್ನು ಕಾದ ಹಂಚು. ನಸೀರ್ ಆರಾಕ ಬಿಟ್ಟಿದ್ದ, ಬದ್ಲಿ ಮಾಡಿದವನಿಗೆ ಗಡಿಬಿಡಿ. ಬೆರಳು ಸುಡದ ಬಿಟ್ಟಿರಂಗಿಲ್ಲ."

"ಧಮ್ಮಪಾಲ," ಅಂದಳು ಗಜಾಲಾ.

"ಸುಟ್ಟ ಬೆರಳಿಲೆ ಯಾರವ್ವ ಅಷ್ಟು ಜೋರ ತಂಬಾಕ ತಿಕ್ಕತಾರ? ತಂಬಾಕ ಮುಟ್ಟದವನ ಬೆರಳಿಗೆ ಸುಣ್ಣ ಎಲ್ಲಿಂದ ಬಂತು? ಸಾಬರೇ, ಇವನ ಕೈ ಮೂಸಿ ನೋಡ್ರಿ."

ಸಾಬರು ಗೋವರ್ಧನನ ಕೈ ಹಿಡದು ಮೂಸಿದ್ರು. ಹಲ್ಲುಜ್ಜೋ ಪೇಸ್ಟಿನ ವಾಸನಿ. ಪೇಸ್ಟಿನ ಕೆಳಗ ಸುಟ್ಟ ಬೊಬ್ಬಿ ಎದ್ದಿತ್ತು.

"ಪೊಟ್ಟಣಾ ಇವನ ಕೈಯಾಗೇ ಇತ್ತು. ಗಾಡಿ ಕೆಟ್ಟದ ಅಂದ್ರ ನೀವು ಅಗ್ಗಕ್ಕ ಮಾರೋರು."

ಗೋವರ್ಧನ ಊಟದ ಡಬ್ಬಿ ಬಿಚ್ಚಿದ. ಹೊಸ ಪ್ಲಗ್ಗು ನಾಕೂ ಒಳಗಿದ್ದವು.

"ಇಷ್ಟು ವರ್ಷ ನಾನೇ ಸಾಕೀನ್ರಿ ಈ ಗಾಡಿನ್ನ," ಅಂದ. "ರೇಟು ಇಳದ್ರ ನಾನೇ ತಗೋಬೇಕಂತಿದ್ದೆ. ಧಮ್ಮಪಾಲ ಒಯ್ದು ಒಡದು ಗುಜರಿಗೆ ಹಾಕತಿದ್ದ."

"ನಸೀರ್ನ ಹೆಸರು ಹೋಗತದಂತ ತಿಳೀಲಿಲ್ಲೇನು?" ಅಂತ ಕೇಳಿದಳು ಕಮಳಾಬಾಯಿ.

"ತಿಳದಿತ್ರಿ."

ಸಾಬರು ಅವನ ಕೈಯಿಂದ ಚಾವಿ ಇಸಕೊಂಡ್ರು. ನಸೀರ್ನ ಹೆಗಲ ಮ್ಯಾಲ ಕೈ ಹಾಕಿ, ಪಿಸುಗುಟ್ಟಿದಂಗ, ನಡಿ ಬೇಟಾ, ಗ್ಯಾರೇಜ್ ನಿಂದೇ ಅಂದ್ರು. ನಸೀರ್ ಅಲ್ಲಾಡಲಿಲ್ಲ.

"ಚೋರ ಅಂದಾಗ ಇಷ್ಟು ಸಣ್ಣ ದನಿ ಇರಲಿಲ್ಲ, ಚಾಚಾ," ಅಂದ.

ಸಾಬರು ಅಡತಿ ಕಡಿ ಒಮ್ಮೆ, ಅವನ ಕಡಿ ಒಮ್ಮೆ ನೋಡಿದ್ರು. ಆಮ್ಯಾಲ ಮೊಣಕಾಲು ಹಿಡಕೊಂಡು ಪಿಕಪ್ಪಿನ ಹಿಂದ ಹತ್ತಿ ನಿಂತು, ನಸೀರ್ ಚೋರ ಅಲ್ಲ ಅಂದ್ರು. ಹಮಾಲರು ಚೀಲ ಇಳಿಸಿ ನಿಂತ್ರು. ಹಿಂದಿನವರಿಗೆ ಕೇಳಿಸಿಲ್ಲಂತ ಕಮಳಾಬಾಯಿ ಇನ್ನೊಂದು ಸಲ ಹೇಳಿಸಿದಳು.